ಒದ್ದೆ ಬಟ್ಟೆಯ ತೂಕ

ನಾಲ್ಕು ಗಂಟೆಗೆ ಮಕ್ಕಳು ಹೋದ ಮೇಲೆ
ನನ್ನ ಸರದಿ.
ಕುತಾಯಿಸಿಯ ಈ ಶಿಶುವಿಹಾರದಲ್ಲಿ ಹದಿನೇಳು ವರ್ಷ,
ನೆಲ ನೋಡಿಯೇ ಹೇಳಬಲ್ಲೆ
ಅಂದಿನ ಪಾಠ ಏನಿತ್ತೆಂದು.

ಸೋಮವಾರ ಜೇಡಿಮಣ್ಣು.
ಕಿಟಕಿಯ ಗಾಜಿಗೆ, ನನ್ನ ಸೊಂಟದೆತ್ತರದಲ್ಲಿ,
ಐದೈದು ಬೆರಳು.
ಕೈ ಕೆಸರಾದರೆ ಬಾಯಿಗೆ ಮೊಸರಂತೆ;
ಗ್ವಾಂತ್ಸಾಳ ಬಾಯಿಗೂ ಕೆಸರೇ ಸಿಕ್ಕಿದ್ದನ್ನು
ನಲ್ಲಿಯ ಬಳಿ ಉಗಿದ ಗುರುತು ಹೇಳಿತು.
ಮಂಗಳವಾರ ಕಾಳು ಬೇರ್ಪಡಿಸುವುದು:
ಕೆಂಪು ಈ ಬಟ್ಟಲಿಗೆ, ಚುಕ್ಕೆಯದು ಆ ಬಟ್ಟಲಿಗೆ,
ಯಾವುದಕ್ಕೂ ಸೇರದವು
ಬೆಂಚಿನ ಕೆಳಗೆ, ನನ್ನ ಪೊರಕೆಗೆ.

ನನ್ನ ಕಾಲದಲ್ಲಿ ಕೈ ಕಟ್ಟಿ ಕೂರಬೇಕಿತ್ತು,
ಮೇಜಿನ ಮೇಲೆ, ಎಡಗೈ ಮೇಲೆ ಬಲಗೈ.
ಎತ್ತಲು ಅಪ್ಪಣೆ, ಇಳಿಸಲು ಅಪ್ಪಣೆ.
ಏಳರ ಮಗ್ಗಿ ಕಲಿಯುವಾಗ
ನನ್ನ ಕೈಗಳು ಎಲ್ಲಿದ್ದವೋ, ಮಗ್ಗಿ ಈಗ ಎಲ್ಲಿದೆಯೋ.

ಬುಧವಾರ ನೀರು.
ದೊಡ್ಡ ತೊಟ್ಟಿಯಲ್ಲಿ ಕಾಗದದ ಹಾಯಿ ಕಟ್ಟಿದ ಆಕ್ರೋಟಿನ ಚಿಪ್ಪು,
ಬಿರಡೆ, ಚಮಚ, ತುಕ್ಕು ಹಿಡಿದ ಬೀಗದ ಕೈ.
ಗೋಡೆಯ ಹಾಳೆಯಲ್ಲಿ ಟೀಚರ್ ಮ್ಜೆವಿನಾರ್ ಬರೆದ ಎರಡು ಚಿತ್ರ:
ತೇಲಿದ್ದಕ್ಕೆ ಬಾತುಕೋಳಿ, ಮುಳುಗಿದ್ದಕ್ಕೆ ಕಲ್ಲು.
ಪರ್ಸಿಮನ್ ಹಣ್ಣೊಂದು ಎರಡಕ್ಕೂ ಒಪ್ಪದೆ
ತೊಟ್ಟು ಮಾತ್ರ ಮೇಲಿಟ್ಟುಕೊಂಡು ನಿಂತಿತ್ತು.

ಅಜ್ಜಿ ಬರಲು ತಡವಾಗಿ
ಕೋಟು ಹಾಕಿಕೊಂಡೇ ಕೂತಿದ್ದ ಬಿದ್ಜಿನಾ ಕೇಳಿದ:
"ನಜಿಬ್ರೋಲಾ, ನಿನ್ನ ಬಟ್ಟೆ ತೇಲುತ್ತಾ?"

ನೆಲ ಒರೆಸುವ ಬಟ್ಟೆಯನ್ನು ತೊಟ್ಟಿಗೆ ಎಸೆದೆ.
ಅದು ನೀರ ಮೇಲೆ ಅಂಗಾತ ಮಲಗಿತು,
ತುಸು ಯೋಚಿಸಿತು,
ಒಂದು ಮೂಲೆಯಿಂದ ಕುಡಿಯತೊಡಗಿ
ತಣ್ಣಗೆ ಕೆಳಗಿಳಿಯಿತು.
"ಯಾಕೆ?"
"ಕುಡಿದು ಭಾರವಾಯಿತು, ನಿನ್ನ ತಾತನ ಹಾಗೆ."
ಅಂದವಳೇ ನಾಲಿಗೆ ಕಚ್ಚಿಕೊಂಡೆ.
ಅವನು ನಗಲಿಲ್ಲ. ತೋಳು ಮಡಿಸದೆಯೇ ಕೈ ಇಳಿಬಿಟ್ಟು
ಎರಡೂ ಕೈಯಲ್ಲಿ ಎತ್ತಿದ.
ಮುಖ ಕೆಂಪಾಯಿತು.
"ಇದರೊಳಗೆ ಯಾರೋ ಇದ್ದಾರೆ."

ಹಿಂಡು ಅಂದೆ.
ಬೆಕ್ಕಿನ ಮರಿಯನ್ನು ಹಿಡಿದ ಹಾಗೆ ಹಿಡಿದ.
ಹಾಗಲ್ಲ, ಒಂದು ಕೈ ನಿನ್ನ ಕಡೆಗೆ,
ಇನ್ನೊಂದು ಆಚೆ ಕಡೆಗೆ,
ಎರಡಕ್ಕೂ ಜಗಳವಾಗಲಿ.
ಅವನ ಕೈಯ ಮೇಲೆ ನನ್ನ ಕೈ.
ತೋಳಿನಗುಂಟ ಕಂಕುಳವರೆಗೆ ಹರಿದ ನೀರಿಗೆ
ಅವನು ಹಾಕಿದ ಕೇಕೆಗೆ
ಬೀದಿಯಾಚೆಯ ನಾಯಿ ಉತ್ತರ ಕೊಟ್ಟಿತು.

ಹುಡುಗ ಏನು ವರದಿ ಒಪ್ಪಿಸಿದನೋ,
ಮಾರನೆಯ ಬೆಳಗ್ಗೆ ಹತ್ತಕ್ಕೇ ಬರಹೇಳಿದರು ಮ್ಜೆವಿನಾರ್.
ಹನ್ನೆರಡು ಬೋಗುಣಿ, ಹನ್ನೆರಡು ಬಟ್ಟೆ,
ನಡುವೆ ಗೇಣುದ್ದದ ಕುರ್ಚಿಯಲ್ಲಿ
ಮಂಡಿಗೆ ಗಲ್ಲ ತಾಗಿಸಿಕೊಂಡು ನಾನು.
ಬ್ಲೀಚಿಗೆ ಬಿರುಕು ಬಿಟ್ಟ ಬೆರಳುಗಳನ್ನು
ಏಪ್ರನ್ನಿನೊಳಗೆ ಅಡಗಿಸಿದ್ದೆ.
ತ್ಸಿರಾ ಒಂದನ್ನು ಹೊರಗೆಳೆದು,
ಆ ಬಿರುಕಿನಗುಂಟ ತನ್ನ ಉಗುರು ಓಡಿಸಿ,
"ನೀನು ಇಲ್ಲಿತನಕ ಎಷ್ಟು ನೀರು ಹಿಂಡಿದ್ದೀಯಾ?"

ದಿನಕ್ಕೆ ಏಳು ಬಕೆಟ್ಟು.
ವಾರಕ್ಕೆ ಐದು ದಿನ.
ಏಳೈದಲೇ...
ಬೆರಳು ಮಡಚತೊಡಗಿದೆ.
ಹನ್ನೆರಡು ಮಕ್ಕಳೂ ಮಡಚತೊಡಗಿದರು,
ಯಾಕೆಂದು ಯಾರಿಗೂ ಗೊತ್ತಿಲ್ಲ.
ನನ್ನ ಕೈ ಸಾಲದೆ ಅವರ ಕೈ ಸೇರಿಸಿಕೊಂಡೆ;
ಮೂವತ್ತೈದಕ್ಕೆ ನಿಂತೆವು. ಒಂದೇ ವಾರ.
ಹದಿನೇಳು ವರ್ಷಕ್ಕೆ
ಇಡೀ ಕುತಾಯಿಸಿಯ ಬೆರಳು ಬೇಕು ಅಂದೆ.
ಬಿದ್ಜಿನಾ ಬಾಗಿಲ ಕಡೆ ನೋಡಿದ, ಕರೆಯಲು ಹೊರಟವನಂತೆ.

ನಾಲ್ಕಕ್ಕೆ ನೆಲವೆಲ್ಲ ಕೆರೆ.
ಯಾರ ಪಾಠ ಅಂತ ಕೇಳುವಂತಿಲ್ಲ, ಒರೆಸಿದೆ.
ಕಿಟಕಿಯ ಹಗ್ಗದ ಮೇಲೆ ಬಟ್ಟೆಗಳ ಸಾಲು:
ಗ್ವಾಂತ್ಸಾಳದು ಸೀಮೆಸುಣ್ಣದಷ್ಟು ಒಣ,
ತ್ಸಿರಾಳದು ಇನ್ನೂ ಹಗ್ಗದಂತೆ ಹುರಿಗೊಂಡೇ ಇದೆ,
ಒಂದು ಮಾತ್ರ ತೊಟ್ಟಿಕ್ಕುತ್ತಿತ್ತು.

ಹಿಂಡಿಬಿಡಲು ಕೈ ಹೋಯಿತು.
ವಾಪಸು ಕರೆದು,
ಕೆಳಗೊಂದು ಬಕೆಟ್ ಇಟ್ಟು ದೀಪ ಆರಿಸಿದೆ.
ಟಪ್,
ಬೀಗ ಹಾಕುವಾಗಲೂ,
ಟಪ್.